ಮುಗಿಯದ ಮಟ್ಟು: ವಿಡಿಯೊ ಗೇಮಿನಿಂದ ಸಿಂಫನಿಗೆ

ಟೋಕಿಯೊದ ಸಂಟೋರಿ ಹಾಲ್ 1986ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆಯಿತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆಂದೇ ಕಟ್ಟಿದ, ಜಪಾನ್ ಹೆಮ್ಮೆಪಟ್ಟ ಸಭಾಂಗಣ ಅದು. ಹತ್ತು ತಿಂಗಳ ನಂತರ, 1987ರ ಆಗಸ್ಟ್ 20ರಂದು, ಅಲ್ಲಿ ‘ಫ್ಯಾಮಿಲಿ ಕ್ಲಾಸಿಕ್ ಕಾನ್ಸರ್ಟ್’ ಎಂಬ ಕಛೇರಿ ನಡೆಯಿತು. ಅಂದು ನುಡಿಸಿದ್ದರಲ್ಲಿ ಫ್ರೆಂಚ್ ಸಂಯೋಜಕ ಸ್ಯಾಂ-ಸಾನ್ಸ್‌ನ ‘ಪ್ರಾಣಿಗಳ ಕಾರ್ನಿವಲ್’ ಕೃತಿ ಇತ್ತು. ಅದರ ಜೊತೆಯಲ್ಲೇ, ಅದೇ ವಾದಕರ ಕೈಯಲ್ಲಿ, ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ವಿಡಿಯೊ ಗೇಮಿನ ಮೊದಲೆರಡು ಭಾಗಗಳ ಸಂಗೀತವೂ ಇತ್ತು. ಗೇಮಿನ ಸಂಗೀತವನ್ನೇ ನೆಚ್ಚಿಕೊಂಡು ನಡೆದ ಮೊದಲ ಶಾಸ್ತ್ರೀಯ ಕಛೇರಿಯೆಂದು ಇದನ್ನು ಈಗ ಎಲ್ಲರೂ ಗುರುತಿಸುತ್ತಾರೆ.

ಮುಂದೆ ಹೋಗುವ ಮೊದಲು ಒಂದು ಮಾತು. ನಮ್ಮಲ್ಲಿ ‘ಆರ್ಕೆಸ್ಟ್ರಾ’ ಎಂದರೆ ಗಣೇಶೋತ್ಸವದ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವ ತಂಡ. ಇಲ್ಲಿ ಹೇಳುತ್ತಿರುವುದು ಪಿಟೀಲು, ಚೆಲ್ಲೊ, ಕೊಳಲು, ಕಹಳೆ, ನಗಾರಿಗಳೆಲ್ಲ ಸೇರಿ ಎಪ್ಪತ್ತು ಎಂಬತ್ತು ಜನ ಬರೆದಿಟ್ಟ ಸ್ವರಲಿಪಿಯನ್ನು ನೋಡಿಕೊಂಡು ನುಡಿಸುವ ಸಿಂಫನಿ ಆರ್ಕೆಸ್ಟ್ರಾದ ಬಗ್ಗೆ. ಆದರೆ ಪೆಂಡಾಲಿನ ಆರ್ಕೆಸ್ಟ್ರಾವನ್ನು ಪೂರ್ತಿ ಮರೆಯುವುದೂ ಬೇಡ. ಎಲ್ಲರಿಗೂ ಗೊತ್ತಿರುವ ಹಾಡನ್ನು ಬೇರೆಯವರು ನುಡಿಸಿದಾಗ ಜನ ಯಾಕೆ ಸೇರುತ್ತಾರೆ ಎಂಬ ಪ್ರಶ್ನೆ ಎರಡು ಕಡೆಗೂ ಸಲ್ಲುತ್ತದೆ.

ಡ್ರ್ಯಾಗನ್ ಕ್ವೆಸ್ಟ್‌ಗೆ ಸಂಗೀತ ಬರೆದವರು ಕೊಯಿಚಿ ಸುಗಿಯಾಮಾ. 1931ರಲ್ಲಿ ಹುಟ್ಟಿದ ಅವರಿಗೆ ಮೊದಲ ಗೇಮ್ ಬಂದಾಗ, ಅಂದರೆ 1986ರ ಮೇ ತಿಂಗಳಲ್ಲಿ, ವಯಸ್ಸು ಐವತ್ತೈದು. ಫ್ಯೂಜಿ ಟೆಲಿವಿಷನ್‌ನಲ್ಲಿ ಕಾರ್ಯಕ್ರಮ ನಿರ್ದೇಶಕರಾಗಿದ್ದು, ಆಮೇಲೆ ಜಾಹೀರಾತುಗಳಿಗೂ ‘ದ ಟೈಗರ್ಸ್’ನಂಥ ಪಾಪ್ ತಂಡಗಳಿಗೂ ಮಟ್ಟು ಕಟ್ಟಿ ಹೆಸರು ಮಾಡಿದ್ದವರು. ಗೇಮ್ ಲೋಕಕ್ಕೆ ಅವರು ಬಂದ ಬಗೆ ತಮಾಷೆಯದು. ಎನಿಕ್ಸ್ ಕಂಪನಿಯ ಶೋಗಿ (ಜಪಾನಿನ ಚದುರಂಗ) ಆಟವೊಂದನ್ನು ಆಡಿ, ಅದರ ಜೊತೆ ಬಂದಿದ್ದ ಅಭಿಪ್ರಾಯದ ಕಾರ್ಡನ್ನು ತುಂಬಿ ಕಳಿಸಿದರು. ಹೆಸರು ನೋಡಿದ ಕಂಪನಿಯವರು ಇವರು ಆ ಸುಗಿಯಾಮಾ ಹೌದೋ ಅಲ್ಲವೋ ಎಂದು ವಿಚಾರಿಸಿಕೊಂಡು ಹುಡುಕಿಕೊಂಡು ಬಂದರು.

ಅವರ ಕೈಗೆ ಸಿಕ್ಕ ವಾದ್ಯ ಎಂಥದ್ದು? ನಿಂಟೆಂಡೊ ಕಂಪನಿಯ ‘ಫ್ಯಾಮಿಕಾಮ್’ ಯಂತ್ರದೊಳಗಿನ ಚಿಪ್ಪಿಗೆ ಒಟ್ಟು ಐದು ಧ್ವನಿಗಳು. ಚೌಕಾಕಾರದ ಅಲೆ ಹೊರಡಿಸುವ ಎರಡು, ತ್ರಿಕೋನಾಕಾರದ ಅಲೆಯ ಒಂದು, ಬರೀ ‘ಶ್’ ಎನ್ನುವ ಗದ್ದಲದ್ದು ಒಂದು, ಮುದ್ರಿಸಿದ ಚೂರುಪಾರು ಶಬ್ದಗಳನ್ನು ಒರಟಾಗಿ ನುಡಿಸುವುದು ಇನ್ನೊಂದು. ಮಟ್ಟು ಕಟ್ಟಲು ನಿಜವಾಗಿ ಒದಗುವುದು ಮೊದಲ ಮೂರು. ಆ ಮೂರಾದರೂ ಸಂಗೀತಗಾರನ ಸ್ವಂತದ್ದಲ್ಲ: ಕತ್ತಿ ಬೀಸಿದ ಸದ್ದು, ಬಾಗಿಲು ತೆರೆದ ಸದ್ದು ಬಂದಾಗ ಅದು ಒಂದು ಧ್ವನಿಯನ್ನು ಕಿತ್ತುಕೊಳ್ಳುತ್ತದೆ, ಅಷ್ಟು ಹೊತ್ತು ಮಟ್ಟಿನ ಒಂದು ಎಳೆ ಮಾಯ. ಜಾಗದ ಲೆಕ್ಕಕ್ಕೆ ಬಂದರೆ, ಮೊದಲ ಡ್ರ್ಯಾಗನ್ ಕ್ವೆಸ್ಟ್‌ನ ಇಡೀ ಗೇಮು, ಚಿತ್ರ, ಮಾತು, ಸಂಗೀತ ಎಲ್ಲ ಸೇರಿ, 64 ಕಿಲೋಬೈಟ್. ಇಂದು ವಾಟ್ಸ್ಯಾಪ್‌ನಲ್ಲಿ ಬರುವ ಒಂದು ಶುಭೋದಯದ ಚಿತ್ರ ಅದಕ್ಕಿಂತ ದಪ್ಪ ಇರುತ್ತದೆ.

ಇದರ ಇತಿಹಾಸವನ್ನು ಸಾಮಾನ್ಯವಾಗಿ ಹೇಳುವ ರೀತಿ ಹೀಗೆ: ಬಡ ಚಿಪ್ಪಿನಲ್ಲಿ ಹುಟ್ಟಿದ ಸಂಗೀತ ಮೆಲ್ಲಗೆ ದೊಡ್ಡದಾಯಿತು, ಆರ್ಕೆಸ್ಟ್ರಾದ ಕೈ ಹಿಡಿದು ಸಭಾಂಗಣಕ್ಕೆ ಬಂತು, ಕೊನೆಗೆ ಮಾನ್ಯತೆ ಪಡೆಯಿತು. ಹಳ್ಳಿಯ ಹುಡುಗ ಪಟ್ಟಣಕ್ಕೆ ಹೋಗಿ ಸೂಟು ಹಾಕಿಸಿಕೊಂಡ ಕಥೆ. ನನಗೆ ಈ ಕಥೆಯ ಬಗ್ಗೆ ತಕರಾರಿದೆ. ಒಂದು ಮಟ್ಟನ್ನು ಚಿಪ್ಪಿನಿಂದ ಎತ್ತಿ ಪಿಟೀಲಿನ ಮೇಲೆ ಇಡುವುದು ಬೇರೆ. ಆ ಮಟ್ಟನ್ನು ವಿಚಾರಿಸುವುದು, ಅದರೊಳಗೆ ಇನ್ನೇನು ಅಡಗಿದೆ ಎಂದು ಕೆದಕುವುದು ಬೇರೆ. ಮೊದಲನೆಯದು ಉಡುಗೆ. ಎರಡನೆಯದನ್ನು ಪಾಶ್ಚಾತ್ಯ ಸಂಗೀತ ‘ವೇರಿಯೇಷನ್’ ಎಂದು ಕರೆಯುತ್ತದೆ. ಗೇಮ್ ಸಂಗೀತದ ಮಟ್ಟಿಗೆ ಈ ಎರಡನೆಯದು ಸಭಾಂಗಣದಲ್ಲಿ ಶುರುವಾದದ್ದಲ್ಲ ಎಂಬುದು ನನ್ನ ವಾದ. ಅದು ಚಿಪ್ಪಿನಲ್ಲೇ ಇತ್ತು.

ವೇರಿಯೇಷನ್ ಎಂದರೆ ನಮ್ಮವರಿಗೆ ವಿವರಿಸಲು ಕಷ್ಟವಿಲ್ಲ. ಕೃತಿಯೊಂದರ ಪಲ್ಲವಿಯನ್ನು ಗಾಯಕರು ಮೊದಲು ಸರಳವಾಗಿ ಹಾಡುತ್ತಾರೆ, ಆಮೇಲೆ ಅದೇ ಸಾಲಿಗೆ ಸಂಗತಿಯ ಮೇಲೆ ಸಂಗತಿ ಹಾಕುತ್ತ ಹೋಗುತ್ತಾರೆ. ಮಾತು ಅದೇ, ತಾಳ ಅದೇ, ಸಾಲು ಮಾತ್ರ ಪ್ರತಿ ಸಲ ಇನ್ನೊಂದಿಷ್ಟು ತೆರೆದುಕೊಳ್ಳುತ್ತದೆ. ಐರೋಪ್ಯ ಸಂಯೋಜಕರು ಇದಕ್ಕಿಂತ ದೂರ ಹೋಗುತ್ತಾರೆ; ತಾಳ ಬದಲಿಸುತ್ತಾರೆ, ಶ್ರುತಿ ಬದಲಿಸುತ್ತಾರೆ, ಮೂಲ ಮಟ್ಟು ಕಿವಿಗೆ ಸಿಗದಷ್ಟು ಒಳಗೆ ಹೂತುಬಿಡುತ್ತಾರೆ. 1819ರಲ್ಲಿ ವಿಯೆನ್ನಾದ ಪ್ರಕಾಶಕ ಡಯಾಬೆಲ್ಲಿ ತಾನೇ ಬರೆದ ಒಂದು ಸಾಧಾರಣ ವಾಲ್ಟ್ಸನ್ನು ಊರಿನ ಸಂಯೋಜಕರಿಗೆಲ್ಲ ಕಳಿಸಿ, ತಲಾ ಒಂದೊಂದು ವೇರಿಯೇಷನ್ ಬರೆದುಕೊಡಿ ಎಂದು ಕೇಳಿದ. ಐವತ್ತು ಜನ ಬರೆದುಕೊಟ್ಟರು. ಬೀಥೋವನ್ ಒಂದರ ಬದಲು ಮೂವತ್ತಮೂರು ಬರೆದ. 1823ರಲ್ಲಿ ಅವು ಅಚ್ಚಾದವು. ಆ ವಾಲ್ಟ್ಸ್ ಒಳ್ಳೆಯದೇ ಕೆಟ್ಟದ್ದೇ ಎಂದು ಇಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೀಥೋವನ್ ಅದರಲ್ಲಿ ಏನು ಕಂಡ ಎಂದಷ್ಟೇ ಕೇಳುತ್ತಾರೆ.

ಡಯಾಬೆಲ್ಲಿಯ ವಾಲ್ಟ್ಸ್ ಹೊಸದಾಗಿತ್ತು. ಆದರೆ ಸಾಮಾನ್ಯವಾಗಿ ವೇರಿಯೇಷನ್ ಬರೆಯುವವರು ಹುಡುಕುತ್ತಿದ್ದದ್ದು ಎಲ್ಲರ ಬಾಯಲ್ಲಿರುವ ಮಟ್ಟನ್ನು. ನಾವು ‘ಟ್ವಿಂಕಲ್ ಟ್ವಿಂಕಲ್’ ಎಂದು ಹಾಡುವ ಫ್ರೆಂಚ್ ಮಟ್ಟಿನ ಮೇಲೆ ಮೊಜಾರ್ಟ್ ಹನ್ನೆರಡು ವೇರಿಯೇಷನ್ ಬರೆದ. ಅದೇ ಮೊಜಾರ್ಟನ ‘ಡಾನ್ ಜೊವಾನ್ನಿ’ ಒಪೆರಾದ ಜನಪ್ರಿಯ ಹಾಡೊಂದನ್ನು ಹಿಡಿದು, 1827ರಲ್ಲಿ, ಹದಿನೇಳರ ಹುಡುಗ ಶೋಪಾನ್ ಪಿಯಾನೊ ಮತ್ತು ಆರ್ಕೆಸ್ಟ್ರಾಕ್ಕೆ ವೇರಿಯೇಷನ್ ಕಟ್ಟಿದ. ನಮ್ಮ ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿ ನೋಟುಸ್ವರಗಳನ್ನು ಮಾಡಿದ್ದು ಕೂಡ ಆ ಕಾಲದಲ್ಲೇ. ಅದು ವೇರಿಯೇಷನ್ ಅಲ್ಲ, ನಿಜ. ಆದರೆ ಬೀದಿಯಲ್ಲಿ ಕೇಳಿದ್ದನ್ನು ಕೀಳೆಂದು ತಳ್ಳದ ಕಿವಿ ಅಲ್ಲೂ ಇದೆ.

ಮಟ್ಟು ಕೇಳುಗರಿಗೆ ಚೆನ್ನಾಗಿ ಗೊತ್ತಿದ್ದಷ್ಟೂ ಸಂಯೋಜಕ ಅದರಿಂದ ದೂರ ಹೋಗಬಹುದು. ಈ ದೃಷ್ಟಿಯಿಂದ ನೋಡಿದರೆ ಗೇಮಿನ ಮಟ್ಟಿನಷ್ಟು ಹದವಾದ ಮೂಲ ಸಾಮಗ್ರಿ ಸಂಗೀತದ ಇತಿಹಾಸದಲ್ಲಿ ಇನ್ನೊಂದಿಲ್ಲ. ಒಪೆರಾದ ಹಾಡನ್ನು ರಸಿಕನೊಬ್ಬ ಜೀವಮಾನದಲ್ಲಿ ಎಷ್ಟು ಸಲ ಕೇಳಿರಬಹುದು? ಗೇಮ್ ಆಡುವ ಹುಡುಗಿ ಒಂದು ನಿಮಿಷದ ಮಟ್ಟನ್ನು ಒಂದೇ ಮಧ್ಯಾಹ್ನದಲ್ಲಿ ನೂರು ಸಲ ಕೇಳುತ್ತಾಳೆ. ಅದೂ ಸುಮ್ಮನೆ ಕೂತಲ್ಲ. ಸೋಲುತ್ತ, ಸಿಟ್ಟಾಗುತ್ತ, ಇನ್ನೊಂದು ಸಲ ಎಂದು ಗುಂಡಿ ಒತ್ತುತ್ತ. ಆ ಮಟ್ಟು ಅವಳ ಬೆರಳಿಗೂ ಅಂಟಿಕೊಂಡಿರುತ್ತದೆ.

ನಮ್ಮ ಪೀಳಿಗೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಂಬತ್ತರ ದಶಕದಿಂದ ಸುಮಾರು ಎರಡು ದಶಕ, ಕರ್ನಾಟಕದ ಸಣ್ಣ ಊರುಗಳ ಜಾತ್ರೆಯಲ್ಲಿ, ಪಾತ್ರೆ ಅಂಗಡಿ ಪಕ್ಕದ ಎಲೆಕ್ಟ್ರಾನಿಕ್ ಅಂಗಡಿಯಲ್ಲಿ, ‘ಟಿ.ವಿ. ಗೇಮ್’ ಎಂದು ಮಾರುತ್ತಿದ್ದ ಪೆಟ್ಟಿಗೆಗಳು ಬಹುಮಟ್ಟಿಗೆ ಫ್ಯಾಮಿಕಾಮ್‌ನ ನಕಲುಗಳೇ. ಹಳದಿ ‘ಕ್ಯಾಸೆಟ್’ ಹಾಕಿ, ಊದಿ, ಮತ್ತೆ ಹಾಕಿ ಆಡಿದ ಮಾರಿಯೊ, ಕಾಂಟ್ರಾ ಆಟಗಳ ಸದ್ದು ಆ ಐದು ಧ್ವನಿಗಳ ಚಿಪ್ಪಿನ ನಕಲಿನಿಂದ ಬಂದದ್ದು. ಡ್ರ್ಯಾಗನ್ ಕ್ವೆಸ್ಟ್ ಮಾತ್ರ ನಮ್ಮನ್ನು ಮುಟ್ಟಲಿಲ್ಲ. ಅದು ಓದಿ ಆಡಬೇಕಾದ ಆಟ, ಓದಬೇಕಾದದ್ದು ಜಪಾನಿ ಭಾಷೆಯಲ್ಲಿತ್ತು. ಹಾಗಾಗಿ ನಮ್ಮಲ್ಲಿ ಸುಗಿಯಾಮಾ ಹೆಸರು ಕೇಳಿದವರು ಕಡಿಮೆ, ಮಾರಿಯೊ ಮಟ್ಟು ಗುನುಗದವರು ಇನ್ನೂ ಕಡಿಮೆ.

ಮಾರಿಯೊ ಮಟ್ಟು ಕಟ್ಟಿದವರು ಕೋಜಿ ಕೊಂಡೊ. 1985ರ ಅವರ ಮೊದಲ ಮಾರಿಯೊ ಮಟ್ಟನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2023ರಲ್ಲಿ ತನ್ನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು, ಗೇಮ್ ಸಂಗೀತದಲ್ಲಿ ಮೊದಲನೆಯದಾಗಿ. ಆದರೆ ನನ್ನ ವಾದಕ್ಕೆ ಬೇಕಾದದ್ದು 1990ರ ನವೆಂಬರ್‌ನಲ್ಲಿ ‘ಸೂಪರ್ ಫ್ಯಾಮಿಕಾಮ್’ ಜೊತೆ ಬಂದ ‘ಸೂಪರ್ ಮಾರಿಯೊ ವರ್ಲ್ಡ್’. ಅದರಲ್ಲಿ ಕೊಂಡೊ ಒಂದೇ ಒಂದು ಮಟ್ಟನ್ನು ಹಿಡಿದು ಇಡೀ ಆಟವನ್ನು ತೂಗಿಸಿದ್ದಾರೆ. ಬಯಲಿನಲ್ಲಿ ಓಡುವಾಗ ಅದು ಕುಣಿಯುವ ನಡೆಯಲ್ಲಿದೆ. ನೀರಿಗೆ ಇಳಿದರೆ ಅದೇ ಮಟ್ಟು ಮೂರೆಣಿಕೆಯ ವಾಲ್ಟ್ಸ್ ಆಗಿ ತೇಲುತ್ತದೆ. ಗುಹೆಗೆ ಹೊಕ್ಕರೆ ನಿಧಾನವಾಗಿ, ಮಂಕಾಗಿ, ಪ್ರತಿಧ್ವನಿಯೊಡನೆ ಬರುತ್ತದೆ. ಆಕಾಶದಲ್ಲಿ ಹಲಗೆಯಿಂದ ಹಲಗೆಗೆ ಹಾರುವಾಗ ಹಳೆಯ ಅಮೆರಿಕನ್ ರ‍್ಯಾಗ್‌ಟೈಮ್‌ನಂತೆ ಎದ್ದುಬಿದ್ದು ಓಡುತ್ತದೆ. ಮಾರಿಯೊ ತನ್ನ ಡೈನೊಸಾರ್ ಗೆಳೆಯನ ಬೆನ್ನೇರಿದರೆ ಆ ಕ್ಷಣವೇ ಮಟ್ಟಿನ ಕೆಳಗೆ ಬೊಂಗೊ ವಾದ್ಯದ ತಾಳ ಸೇರಿಕೊಳ್ಳುತ್ತದೆ, ಇಳಿದರೆ ನಿಲ್ಲುತ್ತದೆ. ಒಂದು ಮೂಲ ಮಟ್ಟು, ತಾಳ ಬದಲಿಸಿ ಒಂದು, ಭಾವ ಬದಲಿಸಿ ಒಂದು, ವೇಗ ಬದಲಿಸಿ ಒಂದು: ಸಂಗೀತ ಶಾಲೆಯಲ್ಲಿ ವೇರಿಯೇಷನ್‌ಗೆ ಉದಾಹರಣೆಯಾಗಿ ಕೊಡಬಹುದಾದ ಪಾಠ. ವ್ಯತ್ಯಾಸ ಒಂದೇ. ಮೊಜಾರ್ಟನ ಹನ್ನೆರಡು ವೇರಿಯೇಷನ್‌ಗಳ ಕ್ರಮವನ್ನು ಮೊಜಾರ್ಟ್ ನಿರ್ಧರಿಸಿದ್ದಾನೆ. ಇಲ್ಲಿ ಯಾವುದರ ನಂತರ ಯಾವುದು, ಯಾವುದು ಎಷ್ಟು ಹೊತ್ತು ಎಂಬುದನ್ನು ಆಡುವವರು ನಿರ್ಧರಿಸುತ್ತಾರೆ.

ಸುಗಿಯಾಮಾ ಅವರಲ್ಲೂ ಇದರ ಒಂದು ಸುಳಿವಿದೆ. ಮೊದಲ ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ಗವಿಯೊಳಗೆ ಮಹಡಿ ಮಹಡಿಯಾಗಿ ಕೆಳಗಿಳಿಯುತ್ತ ಹೋದ ಹಾಗೆ ಅದೇ ಮಟ್ಟು ಶ್ರುತಿಯಲ್ಲಿ ಕೆಳಗಿಳಿಯುತ್ತದೆ, ನಡೆಯಲ್ಲಿ ನಿಧಾನವಾಗುತ್ತದೆ. ಮೆಟ್ಟಿಲು ಹತ್ತಿ ಬಂದರೆ ಅದೂ ಹತ್ತಿ ಬರುತ್ತದೆ. ಹೊಸ ಸಂಗೀತ ಬರೆಯಲು ಜಾಗವಿಲ್ಲ, ಇರುವುದನ್ನೇ ತಿರುಗಿಸು ಎಂಬ ಒತ್ತಾಯದಿಂದಲೂ ಇಂಥವು ಹುಟ್ಟುತ್ತವೆ. ಬಡತನದ ಮನೆಯಲ್ಲಿ ಒಂದೇ ಹಿಟ್ಟಿನಲ್ಲಿ ದೋಸೆ, ಪಡ್ಡು, ಉತ್ತಪ್ಪ ಮಾಡಿದ ಹಾಗೆ. ಆದರೆ ಫಲ ಮಾತ್ರ ಬಡವಲ್ಲ: ಆಳಕ್ಕೆ ಇಳಿಯುವುದು ಎಂದರೇನು ಎಂಬುದನ್ನು ಕಣ್ಣಿಗಿಂತ ಮೊದಲು ಕಿವಿ ತಿಳಿಯುತ್ತದೆ.

ಇನ್ನು ‘ಫೈನಲ್ ಫ್ಯಾಂಟಸಿ’ಯ ನೊಬುವೊ ಉಯೆಮಾತ್ಸು. ಸಂಗೀತವನ್ನು ಯಾವ ಶಾಲೆಯಲ್ಲೂ ಕಲಿಯದೆ ತಾವೇ ಪಿಯಾನೊ ಕಲಿತವರು. 1987ರ ಮೊದಲ ಗೇಮಿಗೆ ಅವರು ಬರೆದ ‘ಪ್ರೆಲ್ಯೂಡ್’ನಲ್ಲಿ ಹಾಡಬಹುದಾದ ಮಟ್ಟು ಎಂಬುದೇ ಇಲ್ಲ. ಸ್ವರಗಳು ಒಂದೊಂದಾಗಿ ಮೆಟ್ಟಿಲು ಹತ್ತುತ್ತವೆ, ಒಂದೊಂದಾಗಿ ಇಳಿಯುತ್ತವೆ. ಅಷ್ಟೇ. ನಾಲ್ಕನೆಯ ಗೇಮಿಗೆ (1991) ಬರುವ ಹೊತ್ತಿಗೆ ಆ ಮೆಟ್ಟಿಲುಗಳ ಮೇಲೆ ಒಂದು ಹಾಡುವ ಎಳೆ ಕೂತಿತು. ಮುಂದಿನ ಗೇಮುಗಳಲ್ಲಿ ಅದೇ ಪ್ರೆಲ್ಯೂಡ್ ಮತ್ತೆ ಮತ್ತೆ ಬೇರೆ ಬೇರೆ ಬಣ್ಣದಲ್ಲಿ ಬಂತು. ಒಂದೊಂದು ರೂಪಕ್ಕೂ ಮಧ್ಯೆ ವರ್ಷಗಳ ಅಂತರವಿರುವ, ದಶಕಗಳಷ್ಟು ಉದ್ದದ ವೇರಿಯೇಷನ್ ಮಾಲೆ ಇದು.

1994ರ ಆರನೆಯ ಫೈನಲ್ ಫ್ಯಾಂಟಸಿಯಲ್ಲಿ ಉಯೆಮಾತ್ಸು ಕೈಗೆ ಎಂಟು ಧ್ವನಿಗಳಿದ್ದವು, ಅವುಗಳ ಶಬ್ದ ಇಟ್ಟುಕೊಳ್ಳಲು 64 ಕಿಲೋಬೈಟ್ ಜಾಗ. ಅಷ್ಟರಲ್ಲಿ ಅವರು ಹತ್ತಾರು ಪಾತ್ರಗಳಿಗೆ ಒಂದೊಂದು ಮಟ್ಟು ಕೊಟ್ಟು, ವಾಗ್ನರನ ಒಪೆರಾಗಳಲ್ಲಿ ಆಗುವಂತೆ ಕಥೆಯ ತಿರುವುಗಳಲ್ಲಿ ಅವನ್ನು ಮರಳಿಸುತ್ತಾರೆ. ನಾಯಕಿ ಟೆರ್ರಾಳ ಮಟ್ಟೇ ಅವಳು ಅಲೆಯುವ ಲೋಕದ ಮಟ್ಟು ಕೂಡ. ಗೇಮಿನ ನಡುವೆ ಒಂದು ಒಪೆರಾ ದೃಶ್ಯವೇ ಇದೆ. ಚಿಪ್ಪಿಗೆ ಮಾತು ಹಾಡಲು ಬರದು, ಹಾಗಾಗಿ ‘ಆ’ಕಾರದಂಥ ಧ್ವನಿಯೊಂದು ಹಾಡುತ್ತದೆ, ಸಾಹಿತ್ಯ ಪರದೆಯ ಮೇಲೆ ಅಕ್ಷರವಾಗಿ ಬರುತ್ತದೆ. ಕೊನೆಯಲ್ಲಿ ಸುಮಾರು ಇಪ್ಪತ್ತು ನಿಮಿಷದ ಮುಕ್ತಾಯದಲ್ಲಿ ಪಾತ್ರಗಳ ಮಟ್ಟುಗಳೆಲ್ಲ ಸಾಲಾಗಿ, ಒಂದರೊಳಗೊಂದು ಹೊಸೆದುಕೊಂಡು ಮರಳುತ್ತವೆ. ಇದನ್ನು ಬರೆದಾಗ ಯಾವ ಆರ್ಕೆಸ್ಟ್ರಾವೂ ಅವರ ಮುಂದಿರಲಿಲ್ಲ.

ಮಟ್ಟಿನ ಮಾತಾಯಿತು, ಮಟ್ಟು ಕಟ್ಟಿದವರ ಹೆಸರಿನದ್ದು ಇನ್ನೊಂದು ಕಥೆ. ಎಂಬತ್ತರ ದಶಕದ ಜಪಾನಿ ಗೇಮುಗಳಲ್ಲಿ ಸಂಗೀತಗಾರರ ನಿಜ ಹೆಸರು ಬರುವುದೇ ಅಪರೂಪ. ಕೊನಾಮಿ ಕಂಪನಿಯ ‘ಕ್ಯಾಸಲ್‌ವೇನಿಯಾ’ಗೆ (1986) ಸಂಗೀತ ಕೊಟ್ಟವರಲ್ಲಿ ಪ್ರಮುಖರು ಕಿನುಯೊ ಯಮಾಶಿತಾ. ಗೇಮಿನ ಕೊನೆಯಲ್ಲಿ ಬರುವ ಹೆಸರು ‘ಜೇಮ್ಸ್ ಬನಾನಾ’. ಹಳೆಯ ಡ್ರಾಕುಲಾ ಚಿತ್ರಗಳ ಸಂಗೀತಗಾರ ಜೇಮ್ಸ್ ಬರ್ನಾರ್ಡ್ ಹೆಸರಿನ ಮೇಲಿನ ತಮಾಷೆ ಅದು. ತಮಾಷೆಯ ಅಡಿಯಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಮುಚ್ಚಿಹೋಯಿತು. ವೇರಿಯೇಷನ್‌ಗಳ ಇತಿಹಾಸಕ್ಕೆ ಇದು ಹೊಸದೇನಲ್ಲ. ಬ್ರಾಮ್ಸ್ 1873ರಲ್ಲಿ ‘ಹೈಡನ್‌ನ ಮಟ್ಟಿನ ಮೇಲೆ ವೇರಿಯೇಷನ್‌ಗಳು’ ಎಂಬ ಆರ್ಕೆಸ್ಟ್ರಾ ಕೃತಿ ಬರೆದ. ಆ ಮಟ್ಟು ಹೈಡನ್‌ನದಲ್ಲ ಎಂದು ವಿದ್ವಾಂಸರು ಆಮೇಲೆ ಹೇಳಿದರು. ಕೃತಿ ಉಳಿಯಿತು, ಬ್ರಾಮ್ಸ್ ಉಳಿದ, ಮಟ್ಟಿನ ನಿಜವಾದ ಒಡೆಯ ಮಾತ್ರ ಕಾಣೆ. ಗೇಮ್ ಸಂಗೀತವನ್ನು ಆರ್ಕೆಸ್ಟ್ರಾಕ್ಕೆ ತರುವ ಕೆಲಸದಿಂದ ಆದ ಒಂದು ದೊಡ್ಡ ಉಪಕಾರವೆಂದರೆ ಕಾರ್ಯಕ್ರಮದ ಹಾಳೆಯಲ್ಲಿ ಮೂಲದವರ ಹೆಸರು ಹಾಕಲೇಬೇಕಾಯಿತು. 1991ರಿಂದ 1996ರವರೆಗೆ ಟೋಕಿಯೊದಲ್ಲಿ ನಡೆದ ಐದು ‘ಆರ್ಕೆಸ್ಟ್ರಲ್ ಗೇಮ್ ಕಾನ್ಸರ್ಟ್’ಗಳಲ್ಲಿ ಪರಸ್ಪರ ಪೈಪೋಟಿಯ ಕಂಪನಿಗಳ ಸಂಗೀತಗಾರರು ಒಂದೇ ವೇದಿಕೆಯಲ್ಲಿ ಕಾಣಿಸಿಕೊಂಡರು.

ಈಗ ಸುಗಿಯಾಮಾ ಅವರ ಡ್ರ್ಯಾಗನ್ ಕ್ವೆಸ್ಟ್ ಸೂಟ್‌ಗಳಿಗೆ ಬರೋಣ. 1986ರಲ್ಲೇ ಮೊದಲ ಗೇಮಿನ ಸೂಟ್ ಧ್ವನಿಮುದ್ರಿಕೆಯಾಗಿ ಬಂತು. ಮುಂದೆ ಎನ್‌ಎಚ್‌ಕೆ ಸಿಂಫನಿ ಆರ್ಕೆಸ್ಟ್ರಾ, ಲಂಡನ್ ಫಿಲ್‌ಹಾರ್ಮಾನಿಕ್‌ನಂಥವರೂ ಇವನ್ನು ನುಡಿಸಿದರು. ಕೇಳಲು ಸೊಗಸಾಗಿವೆ. ಅರಮನೆಯ ಮಟ್ಟು ಬರೋಕ್ ಕಾಲದ ತಂತಿವಾದ್ಯಗಳ ಗಾಂಭೀರ್ಯದಲ್ಲಿ ನಡೆಯುತ್ತದೆ, ಆರಂಭದ ಮೆರವಣಿಗೆಯಲ್ಲಿ ಕಹಳೆಗಳು ಮೊಳಗುತ್ತವೆ. ಆದರೆ ಇವನ್ನು ಕೇಳುತ್ತಿದ್ದರೆ ನನಗೆ ಅನಿಸುವುದು, ಸುಗಿಯಾಮಾ ಮನಸ್ಸಿನಲ್ಲಿ ಆರ್ಕೆಸ್ಟ್ರಾದ ರೂಪವೇ ಅಸಲು, ಚಿಪ್ಪಿನದು ಅದರ ಕರಡು. ಹಾಗಾಗಿ ಆರ್ಕೆಸ್ಟ್ರಾದಲ್ಲಿ ಮಟ್ಟು ತನ್ನ ಪೂರ್ಣ ಉಡುಗೆ ತೊಡುತ್ತದೆಯೇ ಹೊರತು ಪ್ರಶ್ನೆಗೆ ಒಳಗಾಗುವುದು ಕಡಿಮೆ. ಗೇಮಿನೊಳಗೆ ಮೆಟ್ಟಿಲಿಗೊಂದು ರೂಪ ತಾಳುತ್ತಿದ್ದ ಸಂಗೀತವನ್ನು ಬರೆದ ಅದೇ ಮನುಷ್ಯ ಸಭಾಂಗಣಕ್ಕೆ ಬಂದಾಗ ಶಿಸ್ತಾಗಿ ಕೂತುಬಿಟ್ಟರು. ಮಾನ್ಯತೆ ಬೇಡುವ ಯಾವುದೇ ಹೊಸ ಕಲೆಯ ಮೊದಲ ತಲೆಮಾರು ಹೀಗೇ ಇರುತ್ತದೇನೋ.

ಆ ಮಾನ್ಯತೆ 2021ರ ಜುಲೈ 23ರಂದು ಸಿಕ್ಕಿತು. ಪ್ರೇಕ್ಷಕರಿಲ್ಲದ ಟೋಕಿಯೊ ಒಲಿಂಪಿಕ್ಸ್ ಕ್ರೀಡಾಂಗಣಕ್ಕೆ ದೇಶದೇಶಗಳ ತಂಡಗಳು ಪ್ರವೇಶಿಸತೊಡಗಿದಾಗ ಮೊದಲು ಮೊಳಗಿದ್ದು ಡ್ರ್ಯಾಗನ್ ಕ್ವೆಸ್ಟ್‌ನ ಮೆರವಣಿಗೆ. ಜಗತ್ತು ನೋಡುತ್ತಿತ್ತು. ಸಂತೋಷಪಟ್ಟವರ ಜೊತೆಗೆ ಇರುಸುಮುರುಸುಗೊಂಡವರೂ ಇದ್ದರು, ಅದಕ್ಕೆ ಕಾರಣವೂ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಸೈನ್ಯ ಕೊರಿಯಾ ಮೊದಲಾದ ದೇಶಗಳ ಹೆಣ್ಣುಮಕ್ಕಳನ್ನು ಬಲವಂತವಾಗಿ ಲೈಂಗಿಕ ದಾಸ್ಯಕ್ಕೆ ತಳ್ಳಲಿಲ್ಲ ಎಂದು ವಾದಿಸಿ 2007ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಬಂದ ಜಾಹೀರಾತಿಗೆ ಸಹಿ ಹಾಕಿದವರಲ್ಲಿ ಸುಗಿಯಾಮಾ ಒಬ್ಬರು. 2021ರ ಸೆಪ್ಟೆಂಬರ್ 30ರಂದು ಅವರು ತೀರಿಕೊಂಡರು. ಮಟ್ಟನ್ನು ಮನುಷ್ಯನಿಂದ ಬಿಡಿಸಿ ಕೇಳಬಹುದೇ ಎಂಬ ಹಳೆಯ ಪ್ರಶ್ನೆಯನ್ನು ವಾಗ್ನರ್ ಬಗ್ಗೆ ಕೇಳುವವರು ಇಲ್ಲೂ ಕೇಳಬೇಕಾಗುತ್ತದೆ. ಕೊರಿಯಾದ ಗೇಮ್ ಪ್ರಿಯನೊಬ್ಬ ಇದಕ್ಕೆ ಕೊಡುವ ಉತ್ತರವೂ ನಾನು ಕೊಡುವ ಉತ್ತರವೂ ಒಂದೇ ತೂಕದ್ದಲ್ಲ.

ಜಪಾನಿನ ಹೊರಗೆ ಈ ಬಗೆಯ ಮೊದಲ ಸಿಂಫನಿ ಕಛೇರಿ 2003ರ ಆಗಸ್ಟ್‌ನಲ್ಲಿ, ಜರ್ಮನಿಯ ಲೈಪ್‌ಜಿಗ್ ನಗರದ ಗೆವಾಂಡ್‌ಹೌಸ್‌ನಲ್ಲಿ ನಡೆಯಿತು. ಊರಿನಲ್ಲಿ ನಡೆಯುತ್ತಿದ್ದ ಗೇಮ್ ಮೇಳದ ಅಂಗವಾಗಿ, ಥಾಮಸ್ ಬೋಕರ್ ಎಂಬ ಯುವಕನ ಸಂಘಟನೆಯಲ್ಲಿ. ಬಾಖ್ ಕೊನೆಯ 27 ವರ್ಷ ಬಾಳಿ, ಸತ್ತ ಊರು ಅದು. ಇಲ್ಲಿ ಇತಿಹಾಸ ಸುಮ್ಮನೆ ನಕ್ಕಂತಿದೆ. 1989ರ ಗೇಮ್ ಬಾಯ್ ಯಂತ್ರದ ‘ಟೆಟ್ರಿಸ್’ನಲ್ಲಿ ಆಡುವವರು ಆರಿಸಿಕೊಳ್ಳಬಹುದಾದ ಮೂರು ಮಟ್ಟುಗಳಲ್ಲಿ ಒಂದು ಬಾಖ್‌ನ ಫ್ರೆಂಚ್ ಸೂಟ್‌ನಿಂದ ತೆಗೆದದ್ದು, ಇನ್ನೊಂದು, ಇಂದು ‘ಟೆಟ್ರಿಸ್ ಮಟ್ಟು’ ಎಂದೇ ಎಲ್ಲರೂ ಗುರುತಿಸುವುದು, ‘ಕೊರೊಬೈನಿಕಿ’ ಎಂಬ ರಷ್ಯನ್ ಜನಪದ ಗೀತೆ. ಅಂದರೆ ಸಭಾಂಗಣದಿಂದಲೂ ಹಳ್ಳಿಯಿಂದಲೂ ಮಟ್ಟುಗಳು ಚಿಪ್ಪಿಗೆ ಮೊದಲೇ ಹೋಗಿ ಕೂತಿದ್ದವು.

ನಂತರದ ವರ್ಷಗಳಲ್ಲಿ ಲಾಸ್ ಏಂಜಲೀಸ್, ಸ್ಟಾಕ್‌ಹೋಮ್, ಲಂಡನ್‌ಗಳಲ್ಲಿ ಇಂಥ ಕಛೇರಿಗಳು ಸಾಲುಗಟ್ಟಿದವು. 2022ರಲ್ಲಿ ಬಿಬಿಸಿ ಪ್ರಾಮ್ಸ್ ಕೂಡ ಒಂದು ಸಂಜೆಯನ್ನು ಗೇಮ್ ಸಂಗೀತಕ್ಕೆ ಮೀಸಲಿಟ್ಟಿತು. ಹೆಚ್ಚಿನವುಗಳಲ್ಲಿ ಪರದೆಯ ಮೇಲೆ ಗೇಮಿನ ದೃಶ್ಯ, ಬೆಳಕಿನಾಟ, ನೆನಪಿನ ಸಂಭ್ರಮ. ತಪ್ಪೇನಿಲ್ಲ. ಆದರೆ ನಾನು ಹುಡುಕುತ್ತಿರುವ ವೇರಿಯೇಷನ್ ಸಿಗುವುದು ಬೇರೆ ಕಡೆ, ಜೋನ್ನೆ ವಾಲ್ಟೊನೆನ್ ಎಂಬ ಫಿನ್ಲೆಂಡಿನ ಸಂಯೋಜಕನ ಬಳಿ.

ವಾಲ್ಟೊನೆನ್ ಶುರುವಿನಲ್ಲಿ ‘ಪರ್ಪಲ್ ಮೋಷನ್’ ಎಂಬ ಹೆಸರಿನಲ್ಲಿ ಕಂಪ್ಯೂಟರ್ ಸಂಗೀತ ಮಾಡುತ್ತಿದ್ದವರು. ಯಂತ್ರದ ಮಿತಿಯೊಳಗೆ ಏನೆಲ್ಲ ಸಾಧ್ಯ ಎಂದು ತೋರಿಸಿ ಪೈಪೋಟಿಗೆ ಇಳಿಯುತ್ತಿದ್ದ ಹುಡುಗರ ಗುಂಪುಗಳಲ್ಲಿ ಅವರ ‘ಫ್ಯೂಚರ್ ಕ್ರ್ಯೂ’ ಒಂದು. 1993ರಲ್ಲಿ ಅದು ಮಾಡಿದ ‘ಸೆಕೆಂಡ್ ರಿಯಾಲಿಟಿ’ ಆ ವಲಯದಲ್ಲಿ ಇಂದಿಗೂ ಪುರಾಣಪ್ರಸಿದ್ಧ. ಬೆರಳೆಣಿಕೆಯ ಧ್ವನಿಗಳಲ್ಲಿ ಸಂಗೀತ ಕಟ್ಟುವ ಕಷ್ಟಸುಖ ಬಲ್ಲ ಮನುಷ್ಯ ಆಮೇಲೆ ಆರ್ಕೆಸ್ಟ್ರಾಕ್ಕೆ ಬರೆಯುವುದನ್ನು ಕ್ರಮವಾಗಿ ಕಲಿತರು. 2009ರ ಸೆಪ್ಟೆಂಬರ್‌ನಲ್ಲಿ ಕಲೋನ್ ನಗರದಲ್ಲಿ, ಸಾರ್ವಜನಿಕ ಪ್ರಸಾರ ಸಂಸ್ಥೆ ಡಬ್ಲ್ಯುಡಿಆರ್‌ನ ಆರ್ಕೆಸ್ಟ್ರಾ ನುಡಿಸಿದ ‘ಸಿಂಫಾನಿಕ್ ಫ್ಯಾಂಟಸೀಸ್’ ಅವರ ಮತ್ತು ರೋಜರ್ ವಾನಾಮೊ ಅವರ ಕೈಚಳಕ. ಯೋಕೊ ಶಿಮೊಮುರಾ, ಹಿರೊಕಿ ಕಿಕುತಾ, ಯಾಸುನೊರಿ ಮಿತ್ಸುದಾ, ಉಯೆಮಾತ್ಸು: ನಾಲ್ವರ ಗೇಮ್ ಸಂಗೀತದ ಮೇಲೆ ನಾಲ್ಕು ದೀರ್ಘ ಕೃತಿಗಳು. ಪರದೆ ಇಲ್ಲ, ದೃಶ್ಯವಿಲ್ಲ. ಒಂದು ಮಟ್ಟು ಮುಗಿದು ಇನ್ನೊಂದು ಶುರುವಾಗುವ ಸರಮಾಲೆಯೂ ಅಲ್ಲ. ಮಟ್ಟುಗಳು ತುಂಡಾಗುತ್ತವೆ, ತುಂಡುಗಳು ಬೇರೆ ಮಟ್ಟಿನ ಕೆಳಗೆ ತಾಳವಾಗಿ ಸೇರುತ್ತವೆ, ಬೇರೆ ಬೇರೆ ಜಾಗದವು ಒಂದರ ಮೇಲೊಂದು ಏಕಕಾಲಕ್ಕೆ ಕೇಳುತ್ತವೆ.

2013ರ ‘ಫೈನಲ್ ಸಿಂಫನಿ’ ಇನ್ನೂ ಮುಂದೆ ಹೋಯಿತು. ಜರ್ಮನಿಯ ವುಪ್ಪರ್‌ಟಾಲ್‌ನಲ್ಲಿ ಮೊದಲು, ಅದೇ ಮೇ 30ರಂದು ಲಂಡನ್ನಿನ ಬಾರ್ಬಿಕನ್‌ನಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾದಿಂದ. ಆರನೆಯ ಫೈನಲ್ ಫ್ಯಾಂಟಸಿಗೆ ವಾನಾಮೊ ಬರೆದ ಸಿಂಫಾನಿಕ್ ಪೊಯಮ್, ಹತ್ತನೆಯದಕ್ಕೆ ಮಸಾಶಿ ಹಮಾವುಜು ಬರೆದ ಪಿಯಾನೊ ಕಾನ್ಸರ್ಟೊ, ಏಳನೆಯದಕ್ಕೆ ವಾಲ್ಟೊನೆನ್ ಬರೆದ ಮೂರು ಚಲನೆಗಳ ಸಿಂಫನಿ. ಆ ಸಿಂಫನಿಯ ಮೊದಲ ಚಲನೆ ಗೇಮಿನ ಖಳನಾಯಕ ಸೆಫಿರಾತ್‌ನ ಊರು ಸುಟ್ಟ ಘಟನೆಯದು. ಸೆಫಿರಾತ್‌ನ ಪ್ರಸಿದ್ಧ ಮಟ್ಟು ‘ಒನ್-ವಿಂಗ್ಡ್ ಏಂಜಲ್’ ಗೇಮಿನ ಅಂತಿಮ ಯುದ್ಧದಲ್ಲಿ ಬರುವಂಥದ್ದು. ಅದನ್ನು ಬರೆಯುವಾಗ ಉಯೆಮಾತ್ಸು ಸ್ಟ್ರಾವಿನ್‌ಸ್ಕಿಯನ್ನು ನೆನೆದಿದ್ದರು. ಸಣ್ಣ ಸಣ್ಣ ತುಣುಕುಗಳನ್ನು ಬಿಡಿಬಿಡಿಯಾಗಿ ಬರೆದು ಆಮೇಲೆ ಜೋಡಿಸಿದ್ದರು. ವಾಲ್ಟೊನೆನ್ ಆ ಜೋಡಣೆಯನ್ನು ಮತ್ತೆ ಬಿಚ್ಚುತ್ತಾರೆ. ಅಭಿಮಾನಿಗಳು ಕಾಯುವ ಮಟ್ಟು ಇಡಿಯಾಗಿ ಬಂದು ನಿಲ್ಲುವುದಿಲ್ಲ. ಬೆಂಕಿಯ ನಡುವೆ ಮುಖ ಕಂಡು ಮರೆಯಾದಂತೆ ಅದರ ಚೂರುಗಳು ಕಂಡು ಹೋಗುತ್ತವೆ. ಮಟ್ಟು ಗೊತ್ತಿರುವವರಿಗೇ ಹೀಗೆ ಅದನ್ನು ಕೊಡದೆ ಇರಲು ಸಾಧ್ಯ. ನೂರು ಸಲ ಸೋತು ಆಡಿದವರ ಕಿವಿಯನ್ನು ನಂಬಿ ಬರೆದ ಸಂಗೀತ ಇದು.

ಇದರ ಬೆಲೆಯನ್ನೂ ಹೇಳಬೇಕು. ಗೇಮ್ ಆಡದವರು ಈ ಕೃತಿಯನ್ನು ಕೇಳಿದರೆ? ಅವರಿಗೆ ಸಿಗುವುದು ಇಪ್ಪತ್ತನೆಯ ಶತಮಾನದ ಆರಂಭದ ಐರೋಪ್ಯ ಸಂಗೀತವನ್ನು ಹೋಲುವ, ಚೆನ್ನಾಗಿ ಕಟ್ಟಿದ ಆರ್ಕೆಸ್ಟ್ರಾ ಕೃತಿ. ಯಾಕೆ ಪಕ್ಕದವರು ಒಂದು ಸಣ್ಣ ಕೊಳಲಿನ ಎಳೆಗೆ ಕಣ್ಣೊರೆಸಿಕೊಂಡರು ಎಂದು ಅವರಿಗೆ ತಿಳಿಯದು. ಜೊತೆಗೆ ಆಡಿದವರೂ ಇಲ್ಲಿ ಒಂದನ್ನು ಕಳೆದುಕೊಂಡಿದ್ದಾರೆ: ಗುಹೆಗೆ ಇಳಿಯಲೋ ಬೇಡವೋ ಎಂಬ ನಿರ್ಧಾರ ಅವರದಾಗಿತ್ತು, ಈಗ ಅದು ಸ್ವರಲಿಪಿಯಲ್ಲಿದೆ. ಮಾರಿಯೊ ಆಟದಲ್ಲಿ ವೇರಿಯೇಷನ್‌ಗಳ ಕ್ರಮ ಹಾಕುತ್ತಿದ್ದವರು ಟಿಕೆಟ್ ಕೊಂಡು ಕುರ್ಚಿಯಲ್ಲಿ ಕೂತಿದ್ದಾರೆ. ವಾಲ್ಟೊನೆನ್ ಮಟ್ಟನ್ನು ಮುರಿದು, ಮುಂದೇನು ಬರುತ್ತದೋ ಎಂಬ ಅನಿಶ್ಚಯವನ್ನು ಮರಳಿ ತರುತ್ತಾರಲ್ಲ, ಅದು ಆ ಕಳೆದುಹೋದದ್ದಕ್ಕೆ ಕೊಟ್ಟ ಬದಲಿ ಎಂದು ನನಗೆ ತೋರುತ್ತದೆ. ಬರೀ ಉಡುಗೆ ತೊಡಿಸಿದ ಕೃತಿಗಳಲ್ಲಿ ಆ ಬದಲಿಯೂ ಇಲ್ಲ.

ಇನ್ನೊಂದು ತೊಡಕು ಇವರೆಲ್ಲರಿಗೂ ಸಮಾನ. ಗೇಮಿನ ಮಟ್ಟಿಗೆ ಮುಕ್ತಾಯವೆಂಬುದಿಲ್ಲ. ಆಡುವವರು ಎಷ್ಟು ಹೊತ್ತು ಇರುತ್ತಾರೋ ಗೊತ್ತಿಲ್ಲದ ಕಾರಣ, ಕೊನೆಯ ಸ್ವರ ಮೊದಲ ಸ್ವರಕ್ಕೆ ಜಾರಿಕೊಳ್ಳುವಂತೆ ಅದನ್ನು ಬರೆದಿರುತ್ತಾರೆ. ಧ್ವನಿಮುದ್ರಿಕೆಗಳಲ್ಲಿ ಎರಡು ಸುತ್ತು ನುಡಿಸಿ ಸದ್ದನ್ನು ಮೆಲ್ಲಗೆ ಇಳಿಸಿಬಿಡುತ್ತಾರೆ. ಸಭಾಂಗಣದಲ್ಲಿ ಆ ಗುಂಡಿ ಇಲ್ಲ. ಹಾಗಾಗಿ ಇಂಥ ಕಛೇರಿಗಳಲ್ಲಿ ಎಷ್ಟೋ ಕೃತಿಗಳು ಕಹಳೆ ನಗಾರಿಗಳ ಅಬ್ಬರದಲ್ಲಿ ಮುಗಿಯುತ್ತವೆ, ಎಲ್ಲಿಂದಲೋ ತಂದು ಅಂಟಿಸಿದ ಹಾಗೆ. ಉಯೆಮಾತ್ಸು ಅವರ ಪ್ರೆಲ್ಯೂಡ್‌ನಂತೂ ಇನ್ನೂ ಕಷ್ಟ. 2007ರಿಂದ ಊರೂರು ಸುತ್ತುತ್ತಿರುವ ‘ಡಿಸ್ಟಂಟ್ ವರ್ಲ್ಡ್ಸ್’ ಕಛೇರಿಗಳಲ್ಲಿ ಅದರ ಮೆಟ್ಟಿಲುಗಳನ್ನು ಹಾರ್ಪ್ ವಾದ್ಯಕ್ಕೆ ಕೊಟ್ಟಿದ್ದಾರೆ. ಚಿಪ್ಪು ವಿದ್ಯುತ್ ಇರುವವರೆಗೂ ಹತ್ತಿ ಇಳಿಯುತ್ತಿತ್ತು. ಹಾರ್ಪ್ ನುಡಿಸುವವರು ಹತ್ತುತ್ತಾರೆ, ಇಳಿಯುತ್ತಾರೆ, ಮತ್ತೆ ಹತ್ತುತ್ತಾರೆ, ಒಂದು ಕಣ್ಣನ್ನು ಕಂಡಕ್ಟರ್ ಕೈಯ ಮೇಲೆ ಇಟ್ಟುಕೊಂಡು.